ಚಂದ್ರ ಕಂಡನೇನು?

(ಬೆಂಗಳೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಕಾಶದ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ನಾನು 31 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಆಕಾಶ ನೋಡುವುದು ನನ್ನ ಮಟ್ಟಿಗೆ ಮನೆಯ ವಿಷಯ, ನೆಂಟರಿಷ್ಟರ ವಿಷಯ. ಹಾಗಾಗಿ ನಮ್ಮ ಮನೆಯವರ ಕತೆಯನ್ನೇ ಹೇಳುತ್ತೇನೆ. ಗ್ರಹ, ನಕ್ಷತ್ರ ಅದರೊಳಗೇ ಬರುತ್ತವೆ.

ಮೊದಲು ನಮ್ಮ ಅತ್ತಿಯಿಂದ ಶುರು ಮಾಡಬೇಕು. ಅತ್ತಿ ಅಂದರೆ ಅಪ್ಪನ ಅಕ್ಕ. ಹುಬ್ಬಳ್ಳಿಯಲ್ಲಿ ಇರುತ್ತಾರೆ. ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ಪ್ರತಿ ತಿಂಗಳು ಸಂಕಷ್ಟಿ ಮಾಡುತ್ತಾರೆ. ನಿಮ್ಮಲ್ಲೂ ತುಂಬಾ ಜನ ಮಾಡುತ್ತೀರಿ, ಅಲ್ವಾ? ಹುಣ್ಣಿಮೆ ಕಳೆದು ಬರುವ ಚೌತಿ. ಇಡೀ ದಿನ ಉಪವಾಸ, ರಾತ್ರಿ ಚಂದ್ರನನ್ನು ನೋಡಿ ಊಟ. ಕ್ಯಾಲೆಂಡರಿನಲ್ಲಿ ಚಂದ್ರೋದಯದ ಸಮಯ ಅಚ್ಚಾಗಿರುತ್ತದೆ. ಅತ್ತಿ ಅದನ್ನು ನೋಡುತ್ತಾರೆ. ಆದರೆ ನಂಬುವುದು ತಮ್ಮ ಕಣ್ಣನ್ನೇ.

ನಾನು ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ನಮ್ಮ ಮನೆಗೆ ಫೋನು ಬಂತು. ಅವತ್ತಿನಿಂದ ಸಂಕಷ್ಟಿ ರಾತ್ರಿ ಅತ್ತಿಯ ಫೋನು ಬರುವುದು ರೂಢಿಯಾಯಿತು. ಕೇಳುತ್ತಿದ್ದುದು ಒಂದೇ ಮಾತು. "ತಂಗೀ, ನಿಮ್ಮಲ್ಲೆ ಚಂದ್ರ ಕಂಡನೇನು?" ನಾನು ಕಂಡ ಅಂದರೆ, "ಹಂಗಾರ ಇನ್ನ ಹತ್ತು ನಿಮಿಷಕ್ಕ ನಮಗೂ ಬರತಾನ" ಅಂತ ಫೋನು ಇಡುತ್ತಿದ್ದರು. ಎಷ್ಟೋ ವರ್ಷ ಇದು ನನಗೆ ಸುಮ್ನೆ ಒಂದು ಮಾತಾಗಿತ್ತು. ಆಮೇಲೆ ಒಂದು ದಿನ ಲೆಕ್ಕ ಹಾಕಿ ನೋಡಿದೆ. ಬೆಂಗಳೂರಿಗಿಂತ ಹುಬ್ಬಳ್ಳಿ ಸುಮಾರು ಎರಡೂವರೆ ಡಿಗ್ರಿ ಪಶ್ಚಿಮಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಎರಡೂವರೆ ಡಿಗ್ರಿಗೆ ಹತ್ತು ನಿಮಿಷ! ಅತ್ತಿ ಓದಿದ್ದು ನಾಲ್ಕನೆಯ ಇಯತ್ತೆ. ರೇಖಾಂಶ ಅನ್ನೋ ಮಾತು ಅವರಿಗೆ ಗೊತ್ತಿರಲಿಲ್ಲ. ಆದರೆ ಮುಂಬೈಯಲ್ಲಿರುವ ಮಗನಿಗೆ "ನಿನಗ ನಮಗಿಂತ ಹತ್ತು ನಿಮಿಷ ತಡ" ಅಂತಲೂ ಹೇಳುತ್ತಿದ್ದರು. ಅದೂ ಹೆಚ್ಚು ಕಡಿಮೆ ಸರಿಯೇ.

ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ ಅಂತ ನಾವು ಪುಸ್ತಕದಲ್ಲಿ ಓದುತ್ತೇವೆ. ಅತ್ತಿ ಅದನ್ನು ಹಸಿದ ಹೊಟ್ಟೆಯಲ್ಲಿ ಕಲಿತವರು. ನಮ್ಮ ಮನೆತನದಲ್ಲಿ ಇಷ್ಟು ವರ್ಷ ಬಿಡದೆ ಆಕಾಶ ನೋಡಿದವರು ಇನ್ನೊಬ್ಬರಿಲ್ಲ. ಇದನ್ನು ಅವರಿಗೆ ಹೇಳಲು ನಾನು ಎಷ್ಟು ತಡ ಮಾಡಿದೆ ಅಂತ ಈಗಲೂ ಅನ್ನಿಸುತ್ತದೆ.

ಈಗ ಕಾಕಾನ ವಿಷಯ. ಕಾಕಾ ಅಪ್ಪನ ತಮ್ಮ. ನವಲಗುಂದದ ಹತ್ತಿರ ನಮ್ಮ ಊರು. ಎರೆ ಭೂಮಿ. ಕಾಕಾ ಅಲ್ಲೇ ಒಕ್ಕಲುತನ ಮಾಡಿಕೊಂಡು ಇದ್ದಾರೆ. ಅಪ್ಪನಿಗೂ ಕಾಕಾನಿಗೂ ಹೊಲದ ಪಾಲಿನ ವಿಷಯದಲ್ಲಿ ಮನಸ್ತಾಪ ಆಗಿತ್ತು. ಯಾರದು ಸರಿ, ಯಾರದು ತಪ್ಪು ಅನ್ನುವುದು ಇಲ್ಲಿ ಬೇಡ. ಅಪ್ಪ ತೀರಿಕೊಂಡ ಮೇಲೂ ಆ ಬಿಗುವು ಹಾಗೇ ಉಳಿಯಿತು. ಮದುವೆ, ಮುಂಜಿಗಳಲ್ಲಿ ಸಿಕ್ಕರೆ "ಆರಾಮ ಅದಿಯೇನು?" "ಆರಾಮ ಇದ್ದೀನಿ ಕಾಕಾ." ಅಷ್ಟೇ. ಅಲ್ಲಿಂದ ಮುಂದೆ ಮಾತು ಹೋಗುತ್ತಿರಲಿಲ್ಲ.

2020ರ ಜೂನ್ ತಿಂಗಳು. ಲಾಕ್‌ಡೌನಿನ ದಿನಗಳು. ನನ್ನ ಮೊಮ್ಮಗಳು ಸ್ಕೂಲಿಲ್ಲದೆ ಮನೆಯಲ್ಲೇ ಇದ್ದಳು. ಜೂನ್ 21ರ ಭಾನುವಾರ ಸೂರ್ಯಗ್ರಹಣ. ಉತ್ತರ ಭಾರತದ ಕೆಲವು ಕಡೆ ಕಂಕಣ, ನಮಗೆ ಬೆಂಗಳೂರಿನಲ್ಲಿ ಭಾಗಶಃ. ನಮ್ಮ ಹತ್ತಿರ ಸೌರ ಕನ್ನಡಕ ಇರಲಿಲ್ಲ. ಬರಿಗಣ್ಣಲ್ಲಿ ನೋಡುವ ಹಾಗಿಲ್ಲ. ಬೂಂದಿ ಕರಿಯುವ ಜಾಲರಿಯನ್ನು ಟೆರೇಸಿನ ಬಿಸಿಲಿಗೆ ಹಿಡಿದೆವು. ಒಂದೊಂದು ತೂತಿನಿಂದಲೂ ನೆಲದ ಮೇಲೆ ಒಂದೊಂದು ಸೂರ್ಯ. ಎಲ್ಲ ಸೂರ್ಯರೂ ಒಂದೇ ಕಡೆ ಕಚ್ಚಿಸಿಕೊಂಡಿದ್ದರು. ಹುಡುಗಿ ಕುಣಿದಾಡಿಬಿಟ್ಟಳು.

ಅದೇ ದಿನ ಅವಳು ಒಂದು ಪ್ರಶ್ನೆ ಕೇಳಿದಳು. ಆ ವರ್ಷದ ಶುರುವಿನಲ್ಲಿ ಆರಿದ್ರಾ ನಕ್ಷತ್ರ ತುಂಬ ಮಂಕಾಗಿತ್ತು, ನಿಮಗೆ ನೆನಪಿರಬಹುದು. ಫೆಬ್ರವರಿ ಹೊತ್ತಿಗೆ ಬರಿಗಣ್ಣಿಗೇ ವ್ಯತ್ಯಾಸ ಗೊತ್ತಾಗುತ್ತಿತ್ತು. ಇನ್ನೇನು ಸಿಡಿದೇ ಹೋಗುತ್ತದೆ ಅಂತ ಸುದ್ದಿಯಾಗಿತ್ತು. ನಕ್ಷತ್ರದಿಂದ ಹೊರಬಿದ್ದ ಧೂಳು ಅಡ್ಡ ಬಂದು ಹಾಗಾಗಿತ್ತು ಅಂತ ಆಮೇಲೆ ವಿಜ್ಞಾನಿಗಳು ಹೇಳಿದರು. ಮೊಮ್ಮಗಳಿಗೆ ಅದು ತಲೆಯಲ್ಲಿ ಉಳಿದಿತ್ತು. "ಅಜ್ಜಿ, ಆ ನಕ್ಷತ್ರ ಸರಿಹೋಯ್ತಾ? ಈಗ ಎಲ್ಲಿದೆ?" ಅಂದಳು. ಈಗ ಕಾಣಲ್ಲ ಪುಟ್ಟಿ, ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗಿದೆ ಅಂದೆ. ಹೇಳುತ್ತಿದ್ದ ಹಾಗೆ ಕ್ಯಾಲೆಂಡರಿನ ಕಡೆ ಕಣ್ಣು ಹೋಯಿತು. ಅಲ್ಲಿ ಆರಿದ್ರಾ ಮಳೆ ಅಂತ ಬರೆದಿತ್ತು.

ಆರಿದ್ರಾ ನಕ್ಷತ್ರಕ್ಕೂ ಆರಿದ್ರಾ ಮಳೆಗೂ ಏನು ಸಂಬಂಧ? ನಾನು ಅಲ್ಲಿವರೆಗೆ ಯೋಚಿಸಿಯೇ ಇರಲಿಲ್ಲ. ಮಳೆಯ ವಿಷಯ ಗೊತ್ತಿರುವುದು ಕಾಕಾನಿಗೆ. ಫೋನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಕೂತೆ. ಕೊನೆಗೆ ಮಾಡಿಯೇ ಬಿಟ್ಟೆ.

ಅವರ ದನಿಯಲ್ಲಿ ಗಾಬರಿ ಇತ್ತು. ಏನಾದರೂ ಕೆಟ್ಟ ಸುದ್ದಿಯೇನೋ ಅಂದುಕೊಂಡಿದ್ದರು. ನಾನು "ಕಾಕಾ, ಆರಿದ್ರಾ ಮಳಿ ಯಾವಾಗ ಕೂಡತೈತಿ?" ಅಂದೆ. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಮಾತಿಗೆ ಶುರು ಮಾಡಿದವರು ನಲವತ್ತು ನಿಮಿಷ ನಿಲ್ಲಿಸಲಿಲ್ಲ. ಒಂದೊಂದು ಮಳೆಗೂ ಹೆಚ್ಚು ಕಡಿಮೆ ಹದಿನಾಲ್ಕು ದಿನ. ರೋಹಿಣಿ ಹಿಂಗ, ಮಿರಗ ಹಂಗ. "ರೋಹಿಣಿ ಮಳಿ ಆದರ ಓಣಿ ತುಂಬ ಜ್ವಾಳ." ಆರಿದ್ರಾ ಮಳೆ ಆದರೆ ದರಿದ್ರ ಹಿಂಗಿತು. ಮಘಾ ಮಳೆ ಏನು, ಹುಬ್ಬಿ ಮಳೆ ಏನು. ಸ್ವಾತಿ ಮಳೆಯಲ್ಲಿ ಹಿಂಗಾರಿ ಹೊಲ ಹೇಗೆ ಕಾಣುತ್ತದೆ ಅಂತ. ನನ್ನ ಗಂಡ ಮಂಡ್ಯದ ಕಡೆಯವರು. ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದವರು ಮಧ್ಯೆ ಬಾಯಿ ಹಾಕಿ, "ನಮ್ಮ ಕಡೆ ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತಾರೆ" ಅಂದರು. ಆಮೇಲೆ ಅವರಿಬ್ಬರದೇ ಮಾತು ಇನ್ನೊಂದಷ್ಟು ಹೊತ್ತು ನಡೆಯಿತು.

ಕೊನೆಗೆ ನಾನು ಕೇಳಿದೆ. "ಕಾಕಾ, ಆ ಆರಿದ್ರಾ ಚುಕ್ಕಿ ಆಕಾಶದಾಗ ಎಲ್ಲೈತಿ, ನೋಡೀರೇನು?" ಅವರು ಪ್ರಾಮಾಣಿಕವಾಗಿ ಇಲ್ಲ ಅಂದರು. ಅವರಿಗೆ ಗೊತ್ತಿದ್ದುದು ಮಳೆ. ಪಂಚಾಂಗದಿಂದ ದಿನ ಗೊತ್ತು, ನೆಲದಿಂದ ಹದ ಗೊತ್ತು. ನನಗೆ ಗೊತ್ತಿದ್ದುದು ಚುಕ್ಕಿ. ಒಂದೇ ಹೆಸರಿನ ಅರ್ಧ ಅವರ ಹತ್ತಿರ ಇತ್ತು, ಅರ್ಧ ನನ್ನ ಹತ್ತಿರ.

ಈಗ ನಿಮಗೂ ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ನಿಜಕ್ಕೂ ಚೆಂದದ ವಿಷಯ. ಭೂಮಿ ಸೂರ್ಯನನ್ನು ಸುತ್ತುವುದರಿಂದ, ನಮ್ಮ ಕಣ್ಣಿಗೆ ಸೂರ್ಯನೇ ನಕ್ಷತ್ರಗಳ ನಡುವೆ ಸರಿಯುತ್ತಾ ಹೋದ ಹಾಗೆ ಕಾಣುತ್ತದೆ. ಒಂದು ವರ್ಷದಲ್ಲಿ ಇಡೀ ಸುತ್ತು. ಆ ದಾರಿಯನ್ನು ನಮ್ಮ ಹಿರಿಯರು 27 ಭಾಗ ಮಾಡಿದರು. 365 ದಿನವನ್ನು 27ರಿಂದ ಭಾಗಿಸಿ. ಹದಿಮೂರೂವರೆ ದಿನ ಬರುತ್ತದೆ. ಅದೇ ಒಂದು ಮಳೆ! ಸೂರ್ಯ ಯಾವ ನಕ್ಷತ್ರದ ಭಾಗದಲ್ಲಿ ಇದ್ದಾನೋ ಆ ಹೆಸರಿನ ಮಳೆ. ಮೇ ಕೊನೆಗೆ ರೋಹಿಣಿ, ಜೂನ್ ಎರಡನೆಯ ವಾರದಿಂದ ಮೃಗಶಿರ, ಜೂನ್ 21-22ರ ಹೊತ್ತಿಗೆ ಆರಿದ್ರಾ. ಅಂದರೆ ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುತ್ತಿರುತ್ತದೆ. ಮೋಡವೇ ಇಲ್ಲದಿದ್ದರೂ ಅದು ಆ ದಿನಗಳಲ್ಲಿ ನಮಗೆ ಕಾಣುವುದಿಲ್ಲ.

ಇದನ್ನು ಕಾಕಾನಿಗೆ ಹೇಳಿದೆ. ಅವರು ಯೋಚನೆ ಮಾಡಿ, "ಅಂದ್ರ, ಸೂರ್ಯ ಅದರ ಮನ್ಯಾಗ ಹೋಗಿ ಕುಂತಿರ್ತಾನ ಅನ್ನು" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. "ಹಂಗಾರ ಅದನ್ನ ನೋಡಾಕ ಯಾವಾಗ ಸಿಗತೈತಿ?" ಅಂದರು. ಆರು ತಿಂಗಳು ಕಾಯಬೇಕು ಕಾಕಾ, ಡಿಸೆಂಬರಿಗೆ ಅದು ರಾತ್ರಿಯೆಲ್ಲ ಇರುತ್ತದೆ ಅಂದೆ. ಕಾಯುತ್ತೇನೆ ಅಂದರು.

ಆ ಡಿಸೆಂಬರಿನಲ್ಲಿ ಇನ್ನೊಂದು ದೊಡ್ಡ ಸಂಗತಿ ಇತ್ತು. 2020ರ ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಂಡವು. ಎರಡರ ನಡುವಿನ ಅಂತರ ಚಂದ್ರನ ಅಗಲದ ಐದನೆಯ ಒಂದು ಪಾಲು ಮಾತ್ರ. ಈ ಎರಡು ಗ್ರಹಗಳು ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಹತ್ತಿರ ಬರುತ್ತವೆ. ಇಷ್ಟು ಹತ್ತಿರ ಬಂದದ್ದು ಮಾತ್ರ 1623ರ ನಂತರ ಅದೇ ಮೊದಲು. ಆ ಹೊತ್ತಿಗೆ ನಮ್ಮ ಮನೆತನದವರೆಲ್ಲ ಒಂಬತ್ತು ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಎಲ್ಲರಿಗೂ ಫೋನು ಮಾಡಿ ಹೇಳಿದೆ. ಸೂರ್ಯ ಮುಳುಗಿ ಅರ್ಧ ಗಂಟೆಗೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿ, ಅಷ್ಟೇ ಸಾಕು ಅಂದೆ.

ಏಳು ಗಂಟೆಗೆ ಫೋನು ಬಂತು. ಕಾಕಾ. ಅವರಾಗಿಯೇ ನನಗೆ ಫೋನು ಮಾಡಿದ್ದು ಎಷ್ಟು ವರ್ಷದ ಮೇಲೆ ಅಂತ ನನಗೆ ಲೆಕ್ಕ ಸಿಗಲಿಲ್ಲ. "ತಂಗೀ, ಎರಡೂ ಕಂಡ್ವು. ಆರಿದ್ರಾನೂ ತೋರಿಸು ಈಗ" ಅಂದರು. ಇನ್ನೊಂದು ತಾಸು ಬಿಟ್ಟು ಪೂರ್ವಕ್ಕೆ ನೋಡಿ, ಮೂರು ಚುಕ್ಕಿ ಸಾಲಾಗಿ ಕಾಣುತ್ತವೆ, ಅದರ ಎಡಗಡೆಗೆ ಕೆಂಪು ಚುಕ್ಕಿ ಅಂದೆ. ಅವರು ಹೊಲದಲ್ಲೇ ಕಾದರು. ನಾನು ಇಲ್ಲಿ ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ ಕಾದೆ. ಕಂಡಾಗ ಅವರು ಹೇಳಿದ್ದು, "ಹೌದವಾ, ಕೆಂಪಗೈತಿ." ಅಷ್ಟೇ. ಆಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಫೋನು ಮಾತ್ರ ಇಡಲಿಲ್ಲ.

ಪಾಲಿನ ಮಾತು ನಮ್ಮ ನಡುವೆ ಇವತ್ತಿಗೂ ಬಂದಿಲ್ಲ. ಬರಬೇಕು ಅಂತ ನನಗೂ ಅನ್ನಿಸಿಲ್ಲ.

ನಾನು ಯಾಕೆ ಇದನ್ನೆಲ್ಲ ಇಷ್ಟು ವಿವರವಾಗಿ ಹೇಳುತ್ತಿದ್ದೇನೆ ಅಂದರೆ, ದೂರದ ನೆಂಟರ ಜೊತೆ ಮಾತಾಡಲು ನಮಗೆ ವಿಷಯವೇ ಇರುವುದಿಲ್ಲ. ಊಟ ಆಯ್ತಾ, ಮಳೆ ಬಂತಾ, ಬಿಪಿ ಹೇಗಿದೆ, ಹುಡುಗನಿಗೆ ಹೆಣ್ಣು ಸಿಕ್ತಾ. ನಾಲ್ಕು ಪ್ರಶ್ನೆಗೆ ಎರಡು ನಿಮಿಷ ಸಾಕು. ಆಮೇಲೆ "ಮತ್ತೆ?" "ಮತ್ತೇನಿಲ್ಲ." ಪ್ರೀತಿ ಇಲ್ಲ ಅಂತಲ್ಲ. ಒಂದೇ ವಸ್ತುವನ್ನು ಇಬ್ಬರೂ ನೋಡುತ್ತಾ ಕೂತರೆ ಮಾತು ತಾನಾಗಿ ಹುಟ್ಟುತ್ತದೆ. ಒಂದೇ ಊರಿನಲ್ಲಿ ಇದ್ದಾಗ ಆ ವಸ್ತು ದನ ಆಗಿತ್ತು, ಬಾವಿ ಆಗಿತ್ತು, ಬೀದಿಯ ಜಗಳ ಆಗಿತ್ತು. ಈಗ ಹುಬ್ಬಳ್ಳಿ, ಬೀದರ್, ಮುಂಬೈ, ಮೆಲ್ಬರ್ನ್ ಅಂತ ಚೆದುರಿ ಹೋದ ಮೇಲೆ ಎಲ್ಲರ ಮನೆಯ ಮೇಲೂ ಇರುವ ವಸ್ತು ಯಾವುದು ಹೇಳಿ.

ಆದರೂ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತದೆ. ಅದೇ ಅದರ ರುಚಿ. ಅತ್ತಿಯ ಮೊಮ್ಮಗ ಮೆಲ್ಬರ್ನಿನಲ್ಲಿ ಇದ್ದಾನೆ. ಒಮ್ಮೆ ಹುಣ್ಣಿಮೆ ಚಂದ್ರನ ಫೋಟೋ ಕಳಿಸಿದ. ಅತ್ತಿ ನೋಡಿ, "ಮೊಲ ತಲಿಕೆಳಗ ಆಗೇತಲ್ಲೋ, ಫೋನು ಉಲ್ಟಾ ಹಿಡಿದಿದ್ದಿ ಏನು?" ಅಂದರು. ಅವನು ಸರಿಯಾಗಿಯೇ ಹಿಡಿದಿದ್ದ. ನಾವು ಚಂದ್ರನನ್ನು ಹೆಚ್ಚಾಗಿ ದಕ್ಷಿಣಕ್ಕೆ ಮುಖ ಮಾಡಿ ನೋಡುತ್ತೇವೆ. ಅವರು ಭೂಮಿಯ ಆ ಕಡೆಯಿಂದ ಉತ್ತರಕ್ಕೆ ಮುಖ ಮಾಡಿ ನೋಡುತ್ತಾರೆ. ಹಾಗಾಗಿ ಅವರಿಗೆ ಮೊಲ ತಲೆಕೆಳಗು. ಆ ಮೂರು ಚುಕ್ಕಿ, ಮೃಗಶಿರ, ಆರಿದ್ರಾ ಎಲ್ಲವೂ ತಲೆಕೆಳಗು. ಇದನ್ನು ಗುರುತಿಸಿದ್ದು ಎಂಬತ್ತು ದಾಟಿದ ಅತ್ತಿ. ಇಷ್ಟು ವರ್ಷ ಸಂಕಷ್ಟಿ ಚಂದ್ರನನ್ನು ನೋಡಿದ ಕಣ್ಣಿಗೆ ಮೊಲ ಯಾವ ಕಡೆ ತಿರುಗಿ ಕೂತಿರುತ್ತದೆ ಅಂತ ಗೊತ್ತಿತ್ತು.

ಧ್ರುವ ನಕ್ಷತ್ರವನ್ನೂ ತೆಗೆದುಕೊಳ್ಳಿ. ಅದು ನೆಲದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೆ ಅನ್ನುವುದೇ ನಿಮ್ಮ ಊರಿನ ಅಕ್ಷಾಂಶ. ಬೆಂಗಳೂರಿಗೆ 13 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ನಮಗೆ ಒಂದೂಕಾಲು ಮುಷ್ಟಿ. ನಮ್ಮ ಬಡಾವಣೆಯಲ್ಲಿ ಅದು ಎದುರಿನ ಅಪಾರ್ಟ್‌ಮೆಂಟಿನ ಹಿಂದೆ. ದೆಹಲಿಯಲ್ಲಿ ಹತ್ತಿರ ಹತ್ತಿರ ಮೂರು ಮುಷ್ಟಿ. ಮೆಲ್ಬರ್ನಿನಲ್ಲಿ ಧ್ರುವ ಇಲ್ಲವೇ ಇಲ್ಲ. ಹಾಗೇ ನಮಗೆ ಚಳಿಗಾಲದ ರಾತ್ರಿ ದಕ್ಷಿಣದಲ್ಲಿ ಹೊಳೆಯುವ ಅಗಸ್ತ್ಯ ನ್ಯೂಯಾರ್ಕಿನವರಿಗೆ ಕಾಣುವುದಿಲ್ಲ. ಅಲ್ಲಿರುವ ನೆಂಟರು ಇಲ್ಲಿಗೆ ಬಂದಾಗ ನಾನು ಮೊದಲು ತೋರಿಸುವುದು ಅದನ್ನೇ.

ಮಕ್ಕಳಿಗೆ ತುಂಬ ಹಿಡಿಸಿದ್ದು ಮಾತ್ರ ನೆರಳಿನ ಆಟ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್ 24-25ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಹೊತ್ತಿನಲ್ಲಿ ನೆರಳೇ ಇರುವುದಿಲ್ಲ. ಧಾರವಾಡ, ಹುಬ್ಬಳ್ಳಿಗೆ ಇದು ಮೇ ಮೊದಲ ವಾರದಲ್ಲಿ ಬರುತ್ತದೆ. ಬೀದರಿಗೆ ಮೇ ಎರಡನೆಯ ವಾರದಲ್ಲಿ.

ಕಾಕಾನ ಮಗಳು, ಅಂದರೆ ನನ್ನ ತಂಗಿ, ಬೀದರಿನಲ್ಲಿ ಇದ್ದಾಳೆ. ಅವಳಿಗೆ ಇಬ್ಬರು ಗಂಡು ಮಕ್ಕಳು. ಬೀದರ್ ಮತ್ತು ಬೆಂಗಳೂರು ಹತ್ತಿರ ಹತ್ತಿರ ಒಂದೇ ರೇಖಾಂಶದ ಮೇಲಿವೆ. ಒಂದರ ನೇರ ಉತ್ತರಕ್ಕೆ ಇನ್ನೊಂದು. ಇದರಿಂದ ಒಂದು ಹಳೆಯ ಲೆಕ್ಕ ಮಾಡಬಹುದು. 2200 ವರ್ಷಕ್ಕೂ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಎರಟೊಸ್ತನೀಸ್ ಅನ್ನುವವನು ಮಾಡಿದ ಲೆಕ್ಕ. ಒಂದು ಊರಿನಲ್ಲಿ ಸೂರ್ಯ ನೆತ್ತಿಯ ಮೇಲಿದ್ದಾಗ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಎಷ್ಟು ವಾಲಿದೆ ಅಂತ ಅಳೆದು, ಇಡೀ ಭೂಮಿಯ ಸುತ್ತಳತೆ ಕಂಡುಹಿಡಿದ.

2024ರ ಏಪ್ರಿಲ್ 24ರಂದು ನಾವೂ ಅದನ್ನೇ ಮಾಡಿದೆವು. ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ನನ್ನ ಮೊಮ್ಮಗಳು ಇಲ್ಲಿ ಟೆರೇಸಿನಲ್ಲಿ, ಆ ಹುಡುಗರು ಬೀದರಿನ ಅಂಗಳದಲ್ಲಿ. ಎರಡೂ ಕಡೆ ಒಂದೊಂದು ಮೀಟರ್ ಕೋಲು. ಫೋನು ಚಾಲೂ ಇತ್ತು. ನಮ್ಮ ಕೋಲಿನ ನೆರಳು ಬುಡಕ್ಕೆ ಸೇರಿ ಮಾಯವಾಯಿತು. ಅವರದು ಉತ್ತರಕ್ಕೆ ಒಂಬತ್ತು ಸೆಂಟಿಮೀಟರಿಗೆ ಕೊಂಚ ಕಡಿಮೆ. ಕಾಗದದ ಮೇಲೆ ಬರೆದು ಕೋನ ಅಳೆದರು. 5 ಡಿಗ್ರಿ. ಇಡೀ ಸುತ್ತು 360 ಡಿಗ್ರಿ, ಅಂದರೆ ಅದರ 72ನೆಯ ಒಂದು ಪಾಲು. ಬೆಂಗಳೂರಿನಿಂದ ಬೀದರಿಗೆ ಎಷ್ಟು ದೂರ? ಬಸ್ಸಿನಲ್ಲಿ 700 ಕಿಲೋಮೀಟರ್ ಅಂತ ದೊಡ್ಡವನು ಹೇಳಿದ. ಗುಣಿಸಿದರೆ 50,400. ಭೂಮಿ ಊದಿಕೊಂಡಿತ್ತು!

ಎಲ್ಲಿ ತಪ್ಪಿತು ಅಂತ ಎರಡು ದಿನ ಚರ್ಚೆ ನಡೆಯಿತು. ನಾನು ಬೇಕೆಂದೇ ಹೇಳಲಿಲ್ಲ. ಕಂಡುಹಿಡಿದವನು ಚಿಕ್ಕವನು, ಐದನೆಯ ಕ್ಲಾಸು. "ದೊಡ್ಡವ್ವಾ, ರಸ್ತಾ ಸೊಟ್ಟ ಅದಲ್ಲ" ಅಂದ. ಬೀದರಿನಲ್ಲೇ ಹುಟ್ಟಿ ಬೆಳೆದ ಹುಡುಗ, ಮಾತೂ ಅಲ್ಲಿಯದೇ. ಭೂಪಟದ ಮೇಲೆ ದಾರ ಬಿಗಿಯಾಗಿ ಹಿಡಿದು ಅಳೆದಿದ್ದ. 550 ಬಂತು. 550ನ್ನು 72ರಿಂದ ಗುಣಿಸಿದರೆ 39,600. ನಿಜವಾದ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಆ ಎರಡು ಮನೆಯ ಮಕ್ಕಳು ಅದಕ್ಕೂ ಮೊದಲು ಒಂದೇ ಒಂದು ಸಲ, ಒಂದು ಮದುವೆಯಲ್ಲಿ ಭೇಟಿಯಾಗಿದ್ದರು. ಈಗ ಅವರ ನಡುವೆ ನನ್ನ ಮಧ್ಯಸ್ಥಿಕೆ ಬೇಕಿಲ್ಲ.

ಬೆಂಗಳೂರಿನಲ್ಲಿ ಏನು ಕಾಣುತ್ತದೆ ಅಂತ ಕೆಲವರು ಕೇಳುತ್ತಾರೆ. ಬೆಳಕು ಜಾಸ್ತಿ, ನಿಜ. ಕ್ಷೀರಪಥ ಇಲ್ಲಿ ಕಾಣುವುದಿಲ್ಲ. ಆದರೆ ಚಂದ್ರ, ಬೆಳ್ಳಿಚುಕ್ಕಿ, ಗುರು, ಮಂಗಳ, ಶನಿ, ಆರಿದ್ರಾ, ರೋಹಿಣಿ ಇವಕ್ಕೆಲ್ಲ ಟೆರೇಸು ಸಾಕು. ದುರ್ಬೀನು ಕೊಳ್ಳುವ ಆತುರ ಬೇಡ. ನಾನು ಮೊದಲು ಅಗ್ಗಕ್ಕೆ ಸಿಕ್ಕಿತು ಅಂತ ಒಂದು ದೂರದರ್ಶಕ ತರಿಸಿದ್ದೆ. ಕಾಲು ಅಲುಗಾಡಿ ಚಂದ್ರ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಮೊಮ್ಮಗಳಿಗೆ ಅಳುವೇ ಬಂತು. ಆಮೇಲೆ 10x50 ಬೈನಾಕ್ಯುಲರ್ ತಂದೆ. ಗೋಡೆಗೆ ಮೊಣಕೈ ಊರಿ ಹಿಡಿದರೆ ಗುರುವಿನ ನಾಲ್ಕು ಚಂದ್ರರು ಕಾಣುತ್ತಾರೆ. 1610ರಲ್ಲಿ ಗೆಲಿಲಿಯೋ ನೋಡಿದ ಅದೇ ನಾಲ್ಕು.

ಈ ಊರಿನಲ್ಲಿ ಇರುವುದಕ್ಕೆ ಬೇರೆ ಭಾಗ್ಯವೂ ಇದೆ. ಕಾಕಾ ಕಣ್ಣಿನ ಪೊರೆ ತೆಗೆಸಲು ಬಂದಾಗ ಚೌಡಯ್ಯ ರಸ್ತೆಯ ನೆಹರು ತಾರಾಲಯಕ್ಕೆ ಕರೆದುಕೊಂಡು ಹೋದೆ. 1989ರಿಂದ ಇರುವ ತಾರಾಲಯ. ಕನ್ನಡದಲ್ಲೇ ಪ್ರದರ್ಶನ. ಗುಮ್ಮಟದ ತುಂಬ ನಕ್ಷತ್ರ ಬಂದಾಗ ಎಲ್ಲರೂ ಹೋ ಅಂದರು. ಕಾಕಾ ನನ್ನ ಕಿವಿಯಲ್ಲಿ, "ನಮ್ಮ ಹೊಲದಾಗ ದಿನಾ ಇಷ್ಟ ಇರತಾವ" ಅಂದರು. ದಾರಿಯಲ್ಲಿ ಅವರಿಗೆ ಹೊಸಕೋಟೆಯ ವಿಷಯ ಹೇಳಿದೆ. ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯವರ 2 ಮೀಟರ್ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿದೆ, 4,500 ಮೀಟರ್ ಎತ್ತರದಲ್ಲಿ. ಅದನ್ನು ನಡೆಸುವುದು ಮಾತ್ರ ಹೊಸಕೋಟೆಯಲ್ಲಿ ಕೂತು, ಉಪಗ್ರಹ ಸಂಪರ್ಕದ ಮೂಲಕ. "ಅಂದ್ರ, ನಾವೂ ನೀವೂ ಮಾಡಿಧಂಗ" ಅಂದರು.

2023ರ ಆಗಸ್ಟ್ 23 ನೆನಪಿದೆಯಲ್ಲ? ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿಯಿತು. ಅದನ್ನು ನಿಯಂತ್ರಿಸಿದ್ದು ಇಲ್ಲೇ ಪೀಣ್ಯದ ಇಸ್ರೋ ಕೇಂದ್ರದಿಂದ. ಎಲ್ಲರ ಮನೆಯಲ್ಲೂ ಟಿವಿ ಮುಂದೆ ಜನ. ಇಳಿದ ಕೂಡಲೇ ನಾನು ಎಲ್ಲರಿಗೂ ಫೋನು ಮಾಡಿದೆ. ಟಿವಿ ಬಿಟ್ಟು ಹೊರಗೆ ಬನ್ನಿ, ಚಂದ್ರ ಮೇಲೇ ಇದ್ದಾನೆ ಅಂದೆ. ಅವತ್ತು ಸಪ್ತಮಿಯ ಅರ್ಧ ಚಂದ್ರ. ಅತ್ತಿ ಅಂಗಳಕ್ಕೆ ಬಂದು ನೋಡಿ ಕೈ ಮುಗಿದರಂತೆ.

ನಂಬಿಕೆಯ ವಿಷಯಕ್ಕೂ ಒಂದು ಮಾತು. ನಮ್ಮ ಮನೆಯಲ್ಲಿ ಗ್ರಹಣಕ್ಕೆ ಊಟ ಮಾಡದವರೂ ಇದ್ದಾರೆ, ಮಾಡುವವರೂ ಇದ್ದಾರೆ. ಆಕಾಶ ನೋಡುವ ಹೊತ್ತಿನಲ್ಲಿ ಆ ವಾದ ತೆಗೆಯುವುದಿಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣ. ಅತ್ತಿ ನೋಡುವುದಿಲ್ಲ, ಒಳಗೇ ಜಪ ಮಾಡುತ್ತಾ ಕೂರುತ್ತಾರೆ. ಆದರೆ ಏನಾಗುತ್ತಿದೆ ಅಂತ ಗೊತ್ತಾಗಬೇಕು! ನಮ್ಮ ಟೆರೇಸಿನ ಮೇಲೆ ಮೋಡ ಮುಚ್ಚಿಕೊಂಡಿತ್ತು. ರಾತ್ರಿ 11 ಗಂಟೆಗೆ ಚಂದ್ರ ಪೂರ್ತಿ ನೆರಳಿನೊಳಗೆ ಹೋದ. ಮೆಲ್ಬರ್ನಿನಲ್ಲಿ ಆಗ ಬೆಳಗಿನ ಜಾವ ಮೂರೂವರೆ. ಹುಡುಗ ಅಲಾರಂ ಇಟ್ಟು ಎದ್ದಿದ್ದ. ಅವನಿಗೆ ಆಕಾಶ ತಿಳಿಯಾಗಿತ್ತು. ಅಲ್ಲಿಂದ ಅವನು ಹೇಳುತ್ತಾ ಹೋದ. ಹುಬ್ಬಳ್ಳಿಯ ದೇವರ ಮನೆಯಲ್ಲಿ ಅತ್ತಿ ಕೇಳುತ್ತಾ ಕೂತರು.

"ಯಾವ ಬಣ್ಣ ಆಗೇತೋ?"

"ತಾಮ್ರದ ಹಂಡೆ ಥರ, ಅಜ್ಜಿ."

"ತೊಳೆದ ಹಂಡೆಯೋ, ತೊಳೆಯದ್ದೋ?"

"ತೊಳೆಯದ್ದು."

ಭೂಮಿಯ ಅಂಚಿನ ಗಾಳಿಯೊಳಗಿಂದ ಬಾಗಿ ಬಂದ ಕೆಂಪು ಬೆಳಕು ಮಾತ್ರ ಆಗ ಚಂದ್ರನನ್ನು ಮುಟ್ಟುತ್ತದೆ. ಆ ಹೊತ್ತಿನಲ್ಲಿ ಭೂಮಿಯ ಮೇಲೆ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದಾನೋ, ಮುಳುಗುತ್ತಿದ್ದಾನೋ ಆ ಎಲ್ಲ ಬೆಳಕೂ ಸೇರಿದ ಬಣ್ಣ ಅದು. ಇದನ್ನೂ ಅತ್ತಿಗೆ ಹೇಳಿದೆವು. ಮರುದಿನ ಅವರು ಓಣಿಯವರಿಗೆಲ್ಲ ಹೇಳಿದ್ದಾರೆ.

ಕೊನೆಯದಾಗಿ ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಅವತ್ತು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಎಲ್ಲ ಬೆಳೆಯ ನಡುವೆ ಕೂತು ಊಟ. ನಾನು ಎಷ್ಟೋ ವರ್ಷ ಹೋಗಿರಲಿಲ್ಲ. 2024ರಲ್ಲಿ ಅದು ಡಿಸೆಂಬರ್ 30ಕ್ಕೆ ಬಂದಿತ್ತು. ಕಾಕಾ ಕರೆದರು, ಹೋದೆವು. ಬೀದರಿನವರೂ ಬಂದರು, ಮುಂಬೈಯವರೂ ಬಂದರು. ಮೊದಲೆಲ್ಲ ಸಂಜೆಗೆ ಬಂಡಿ ಹೂಡಿ ಮನೆಗೆ ಹೊರಡುತ್ತಿದ್ದೆವು. ಈ ಸಲ ಕತ್ತಲಾದರೂ ಯಾರೂ ಏಳಲಿಲ್ಲ. ಅಮಾವಾಸ್ಯೆ, ಚಂದ್ರನಿಲ್ಲ. ಪಶ್ಚಿಮದಲ್ಲಿ ಬೆಳ್ಳಿಚುಕ್ಕಿ, ಅದರ ಮೇಲೆ ಶನಿ. ಪೂರ್ವದಲ್ಲಿ ರೋಹಿಣಿಯ ಪಕ್ಕ ಗುರು. ಎಂಟು ಗಂಟೆ ದಾಟಿದ ಮೇಲೆ ಮಂಗಳ.

ಕಾಕಾ ಕಂಬಳಿ ಹಾಸಿ ಮಲಗಿ ಮಕ್ಕಳಿಗೆ ಒಂದೊಂದೇ ಹೇಳಿಕೊಟ್ಟರು. "ಆ ಗೊಂಚಲ ಕೃತ್ತಿಕಾ. ಅದರ ಕೆಳಗ ರೋಹಿಣಿ. ಮಿರಗ. ಆರಿದ್ರಾ. ಹೋದ ವರ್ಷದ ಮಳಿ ಎಲ್ಲಾ ಅಲ್ಲೇ ಅದಾವ ನೋಡ್ರಿ." ಕೃತ್ತಿಕೆಯಲ್ಲಿ ಎಷ್ಟು ಚುಕ್ಕಿ ಅಂತ ಪಂದ್ಯ ನಡೆಯಿತು. ನನಗೆ ಆರು. ಮೊಮ್ಮಗಳಿಗೆ ಎಂಟು. ಕಾಕಾ ಪೊರೆ ತೆಗೆಸಿದ ಕಣ್ಣಿನಲ್ಲಿ ಏಳು ಎಣಿಸಿದರು.

ಇನ್ನೊಂದು ದಿನವನ್ನೂ ಗೊತ್ತು ಮಾಡಿಕೊಂಡಿದ್ದೇವೆ. 2028ರ ಡಿಸೆಂಬರ್ 31, ಭಾನುವಾರ. ರಾತ್ರಿ ಹತ್ತು ಗಂಟೆಯ ಆಸುಪಾಸಿನಲ್ಲಿ ಪೂರ್ಣ ಚಂದ್ರಗ್ರಹಣ, ನಮಗೆ ಆಕಾಶದ ಎತ್ತರದಲ್ಲೇ ಕಾಣುತ್ತದೆ. ಅವತ್ತು ಚಂದ್ರ ಇರುವುದು ಆರಿದ್ರಾ ನಕ್ಷತ್ರದಲ್ಲಿ. ಇದನ್ನು ಹೇಳಿದಾಗ ಕಾಕಾ ಬೆರಳು ಮಡಿಚಿ ತಮ್ಮ ವಯಸ್ಸು ಲೆಕ್ಕ ಹಾಕಿದರು. ಎಂಬತ್ತೆರಡು ಆಗುತ್ತದೆ. ಆಮೇಲೆ ಹೊಲದ ಕಡೆ ನೋಡಿದರು.

"ಆ ವರ್ಷ ಈ ಪಟ್ಟಿಗೆ ಕಡಲಿ ಹಾಕತೀನಿ," ಅಂದರು. "ನೀವೆಲ್ಲಾ ಬರೂದರಾಗ ಸುಲಗಾಯಿ ಆಗಿರತಾವ."